ಧನ್ಯವಾದಕ್ಕೊಂದು ಮರುಮಾತು

ಇಂಗ್ಲಿಷ್ ಮೇಷ್ಟ್ರನ್ನು ಕಟ್ಟಿಕೊಂಡರೆ ಮನೆಯಲ್ಲಿ ದಿನಕ್ಕೊಂದು ರಾಮಾಯಣ ತಪ್ಪಿದ್ದಲ್ಲ. ಯುದ್ಧದ ಕಾಲ, ಮಳವಳ್ಳಿಯಲ್ಲಿ ನಮ್ಮ ಸಂಸಾರ. ಇಂಗ್ಲಿಷಿನವರ ಮರ್ಯಾದೆಯ ಮಾತುಗಳನ್ನೆಲ್ಲ ಹಾಗೆ ಹಾಗೇ ಕನ್ನಡಕ್ಕೆ ಇಳಿಸಿ ಊರವರ ಬಾಯಲ್ಲಿ ಆಡಿಸಬೇಕೆಂಬುದು ನಮ್ಮ ಯಜಮಾನರ ಹುಚ್ಚು.

ಬೆಲ್ಲದ ಕಾಫಿ

ಮೊದಲ ಪ್ರಯೋಗ ನನ್ನ ಮೇಲೆ. ಸಕ್ಕರೆ ಸಿಗದೆ ಬೆಲ್ಲ ಹಾಕಿದ ಕಾಫಿ ಲೋಟ ಕೈಗಿಟ್ಟರೆ "ಧನ್ಯವಾದ" ಅಂದರು. ಪಕ್ಕದಲ್ಲೇ ಅವರೆಕಾಯಿ ಬಿಡಿಸುತ್ತಿದ್ದ ಅತ್ತೆ ಗಾಬರಿಯಾದರು. "ಯಾಕ್ಲಾ ಮಗ, ಎಂಡ್ರು ಜತೆ ಜಗಳ ಆಡ್ಕಂಡ್ಯಾ? ಕಂಡೋರ್ಗೆ ಏಳ್ದಂಗೆ ಏಳ್ತೀಯಲ್ಲ!" ಸಂಜೆ ಇಬ್ಬರನ್ನೂ ಕೂರಿಸಿ, ಆಡದ ಜಗಳಕ್ಕೆ ರಾಜಿ ಮಾಡಿಸಿದರು.

ಹಾಲಿನವಳು

ಹಾಲು ಹಾಕುವವಳಿಗೂ ಇವರು ಕೈಮುಗಿದು "ಧನ್ಯವಾದ" ಅಂದರು. ಮಾರನೆಯ ದಿನ ಅವಳ ಸುಳಿವಿಲ್ಲ. ಹುಡುಕಿಕೊಂಡು ಹೋದರೆ, "ಮೇಷ್ಟ್ರು ಕೈಮುಗುದ್ಬುಟ್ರು ಕಣಮ್ಮ. ಸಾಕು, ಇನ್ ಬರ್ಬ್ಯಾಡ ಅಂದಂಗಾಯ್ತು" ಅಂದಳು. ಅವತ್ತು ಮೇಷ್ಟ್ರಿಗೆ ಹಾಲಿಲ್ಲದ ಕಾಫಿ. ಅದಕ್ಕೂ ಧನ್ಯವಾದ ಅಂದರು.

ಮಾವ ಹೊರಟದ್ದು

ಥ್ಯಾಂಕ್ಸ್ ಅಂದವರಿಗೆ ಇಂಗ್ಲಿಷಿನವರು ವೆಲ್ಕಂ ಅನ್ನುತ್ತಾರಂತೆ. ಇವರು ಅದನ್ನೂ ಬಿಡಲಿಲ್ಲ, "ಸ್ವಾಗತ" ಮಾಡಿಕೊಂಡರು. ನಿಡಘಟ್ಟದ ನನ್ನ ಸೋದರಮಾವ ಉಂಡು ಹೊರಟವನು ಹೊಸಿಲು ದಾಟಿ, ಅಳಿಯನಿಗೆ ಖುಷಿಯಾಗಲೆಂದು "ಧನ್ಯವಾದ" ಅಂದ.

"ಸ್ವಾಗತ!" ಅಂದರು ಇವರು.

ಮಾವ ಮೆಟ್ಟು ಬಿಟ್ಟು ವಾಪಸ್ ಬಂದು ಚಾಪೆ ಮೇಲೆ ಕೂತ. "ಇಷ್ಟೊಂದ್ ಕರೀತಾವ್ರೆ, ಎಂಗವ್ವಾ ಓಗನೆ?"

ಪೆಟ್ರೋಲಿಲ್ಲದೆ ಇದ್ದಿಲಲ್ಲಿ ಓಡುತ್ತಿದ್ದ ಬಸ್ಸು ಹೊರಟುಹೋಯಿತು, ಮಾವ ಹೊರಡಲಿಲ್ಲ.

ನನ್ನ ಸರದಿ

ನಾನು ಮಾತ್ರ ಆ ಮಾತು ಆಡಲೇ ಇಲ್ಲ. "ಒಂದ್ಸಲ ಸ್ವಾಗತ ಅನ್ನೇ" ಅಂತ ದಿನಾ ಗೋಗರೆಯುತ್ತಿದ್ದರು. "ನೀವೇನ್ ಊರಿಗ್ ಬಂದ ಅಮಲ್ದಾರ್ರಾ? ಓಗ್ರೀ" ಅನ್ನುತ್ತಿದ್ದೆ. ಕಟ್ಟಿಕೊಂಡ ಗಂಡನಿಗೆ ಉಪಚಾರದ ಮಾತು ಹೇಳುವುದೆಂದರೆ ನನಗೆ ಮೈ ಉರಿಯುತ್ತಿತ್ತು.

ಆ ವರ್ಷ ನಾಲೆ ಬಯಲಿನ ಚಳಿಜ್ವರ ಇವರನ್ನು ಹಿಡಿಯಿತು. ಎಲ್ಲಿ ಅಲೆದರೂ ಕ್ವಿನೈನು ಸಿಗಲಿಲ್ಲ. ಒಂದು ಮಧ್ಯಾಹ್ನ ಗಂಜಿ ಕುಡಿಸಿ ಬಾಯಿ ಒರೆಸಿದೆ. "ಧನ್ಯವಾದ ಕಣೇ" ಅಂದು ನನ್ನ ಮುಖವನ್ನೇ ನೋಡುತ್ತಾ ಮಲಗಿದರು. ಯಾವ ಮಾತಿಗೆ ಕಾಯುತ್ತಿದ್ದಾರೆಂದು ಗೊತ್ತಾಯಿತು. ಸಂಕಟ ತಡೆಯಲಾಗದೆ "ಸ್ವಾಗತ ಕಣ್ರೀ" ಅಂದೆ.

"ಕಣ್ರೀ ಬೇಡ" ಅಂತ ತಿದ್ದಿ, ನಕ್ಕರು. ಮೇಷ್ಟ್ರಲ್ಲವೇ. ಸಂಜೆ ಹೊತ್ತಿಗೆ ಹೋಗಿಬಿಟ್ಟರು.

ಮನೆಯಿಂದ ಎತ್ತಿದಾಗ ಹೊಸಿಲಲ್ಲಿ ನಿಂತು "ಸ್ವಾಗತ! ಸ್ವಾಗತ!" ಅಂತ ಕೂಗಿಕೊಂಡೆ. ಪಾಪ, ಇವಳಿಗೆ ಬುದ್ಧಿ ಕೆಟ್ಟಿತು ಅಂದರು ಜನ. ನನ್ನ ಸ್ವಾಗತಕ್ಕೆ ಈ ಸಲವೂ ತಿರುಗಿ ನೋಡಿದವನು, ಚಟ್ಟಕ್ಕೆ ಹೆಗಲು ಕೊಟ್ಟಿದ್ದ ನನ್ನ ಮಾವನೊಬ್ಬನೇ.