ಮುಂದೆ ಹೋದ ಮಂಚ

"ಮನೆ ಖಾಲಿ ಮಾಡಿ ಬೇರೆ ರಾಜ್ಯಕ್ಕೆ ಹೋಗೋದು ಅಂದ್ರೆ ಜನ ಯಾಕೆ ತಲೆ ಮೇಲೆ ಕೈ ಹೊತ್ತು ಕೂರ್ತಾರೆ ಗೊತ್ತಾ? ಅಭ್ಯಾಸ ಇಲ್ಲ, ಅಷ್ಟೇ. ನಮ್ಮ ಮನೇಲಿ ಒಂದು ಚಮಚ ಆಚೀಚೆ ಆದ್ರೆ ನನ್ನ ಹೆಸರು ಬದಲಾಯಿಸಿ!" ಎಂದು ಸೀಟಿ ಸಾಹೇಬರು ಊಟದ ಮೇಜಿನ ಬಳಿ ನಿಂತು ಘೋಷಿಸಿದರು.

ಹೆಸರು ಬದಲಾಗಿ ಬಹಳ ಕಾಲವಾಗಿತ್ತು. ಹೆತ್ತವರು ಇಟ್ಟ ಚೆಂದದ ಹೆಸರೊಂದು ಸಂಬಳದ ಚೀಟಿಯಲ್ಲಿ ಮಾತ್ರ ಉಳಿದುಕೊಂಡಿತ್ತು. ಬಣ್ಣದ ಕಾರ್ಖಾನೆಯಲ್ಲಿ ಸುರಕ್ಷತಾ ಅಧಿಕಾರಿಯಾಗಿದ್ದ ಅವರ ಕೊರಳಲ್ಲಿ ಸದಾ ಒಂದು ಸೀಟಿ ತೂಗುತ್ತಿತ್ತು. ಆಗಾಗ ಅದನ್ನು ಊದಿ, "ಬೆಂಕಿ ಬಿದ್ದಿದೆ ಅಂತ ತಿಳ್ಕೊಳ್ಳಿ" ಎಂದು ಇಡೀ ಕಾರ್ಖಾನೆಯನ್ನು ಅಂಗಳಕ್ಕೆ ಓಡಿಸಿ ತಲೆ ಎಣಿಸುವುದು ಅವರ ಕೆಲಸ. ಒಮ್ಮೆ ಕ್ಯಾಂಟೀನಿನಲ್ಲಿ ನಿಜವಾಗಿಯೇ ಬೆಂಕಿ ಬಿದ್ದಾಗ ಕಾರ್ಮಿಕರು, "ಈ ಸಲ ಸಾಹೇಬ್ರು ಹೊಗೆ ಚೆನ್ನಾಗಿ ಮಾಡ್ಸಿದಾರೆ" ಎಂದು ಮೆಚ್ಚಿಕೊಂಡು, ಟೀ ಮುಗಿಸಿ ಲೋಟ ತೊಳೆದಿಟ್ಟು ಹೊರಗೆ ಬಂದಿದ್ದರು. ಅಂದಿನಿಂದ ಅವರು ಮನೆಯವರಿಗೂ ಸೀಟಿ ಸಾಹೇಬರೇ.

ಈಗ ಬೇರೆ ರಾಜ್ಯದ ದೊಡ್ಡ ಕಾರ್ಖಾನೆಯೊಂದು ಅವರನ್ನು ಕರೆದಿತ್ತು. ದೊಡ್ಡ ಹುದ್ದೆ, ಕಂಪನಿಯದೇ ಮನೆ, ಮಗಳಿಗೆ ಗೇಟಿನ ಎದುರಿಗೇ ಶಾಲೆ. ಹಳೆ ಕೆಲಸ ಬಿಟ್ಟಾಗಿತ್ತು, ಹೊಸ ಕೆಲಸಕ್ಕೆ ಸೇರಲು ಇನ್ನೊಂದು ವಾರವಿತ್ತು. ಎಲ್ಲ ಸರಿಯಾಗಿತ್ತು. ಅತ್ತೆ ಮಾತ್ರ ಅಲ್ಲಾಡಿರಲಿಲ್ಲ.

ಹೆಂಡತಿಯ ತಾಯಿ ಈ ಮನೆಗೆ ಬಂದದ್ದು ಮೊಮ್ಮಗಳು ಹುಟ್ಟುವ ಮೊದಲು. ಬಾಣಂತನ ಮುಗಿಸಿ ಹೊರಡುತ್ತೇನೆಂದು ಬಂದವರು ಮೊಮ್ಮಗಳು ಐದನೇ ಕ್ಲಾಸಿಗೆ ಬಂದರೂ ಹೊರಟಿರಲಿಲ್ಲ, ಯಾರೂ ಹೊರಡಲು ಬಿಟ್ಟಿರಲೂ ಇಲ್ಲ. ಬರುವಾಗ ತಂದದ್ದು ಒಂದು ಮಂಚ. ತೇಗದ್ದು, ನಾಲ್ಕು ಕಾಲೂ ಆನೆಯ ಕಾಲಿನಂಥವು. ಅದರ ಮೇಲಲ್ಲದೆ ಬೇರೆಲ್ಲೂ ಅವರಿಗೆ ನಿದ್ದೆ ಬಾರದು. ಚಿಕ್ಕ ಮಗಳ ಮನೆಗೆ ಬೆಳಿಗ್ಗೆ ಹೋದರೆ ಸಂಜೆಗೆ ವಾಪಸು.

ಅಂಥವರು ಹೊಸ ಕೆಲಸದ ಸುದ್ದಿ ಬಂದ ದಿನವೇ, "ನೀವು ಹೋಗಿ. ನಾನು ಬರಲ್ಲ, ಚಿಕ್ಕವಳ ಹತ್ರ ಇರ್ತೀನಿ" ಎಂದುಬಿಟ್ಟರು.

"ಅಮ್ಮ ಬರದಿದ್ರೆ ನಾನೂ ಬರಲ್ಲ" ಎಂದಳು ಹೆಂಡತಿ. "ನೀವೊಬ್ರೇ ಹೋಗಿ ಸೀಟಿ ಊದ್ಕೊಂಡಿರಿ."

"ಅವರಿಬ್ರೂ ಇಲ್ದೆ ನಿನ್ನ ಅಡುಗೆ ತಿನ್ಕೊಂಡು ಇರೋಕೆ ನಂಗೇನು ಹುಚ್ಚಾ ಅಪ್ಪ?" ಎಂದಳು ಮಗಳು.

ಸಾಹೇಬರು ತಮಗೆ ತಿಳಿದ ವಿದ್ಯೆಯನ್ನೆಲ್ಲ ಪ್ರಯೋಗಿಸಿದರು. ಹೊಸ ಮನೆಯ ನಕ್ಷೆಯನ್ನು ಗೋಡೆಗೆ ಅಂಟಿಸಿ, ಅತ್ತೆಯ ಕೋಣೆಯಿಂದ ತುರ್ತು ನಿರ್ಗಮನಕ್ಕೆ ಎಷ್ಟು ಹತ್ತಿರ ಎಂದು ಕೋಲು ಹಿಡಿದು ವಿವರಿಸಿದರು.

"ಅಲ್ಲಿ ನನ್ನ ಮಾತು ಯಾರಿಗೆ ಅರ್ಥ ಆಗುತ್ತೆ ಅಳಿಯಂದ್ರೇ?" ಎಂದರು ಅತ್ತೆ.

"ಇಲ್ಲಿ ಅರ್ಥ ಆಗೋರು ಯಾರು ಕೇಳ್ತಿದಾರೆ ಅಜ್ಜಿ?" ಎಂದು ಮೊಮ್ಮಗಳು ನಡುವೆ ಬಾಯಿ ಹಾಕಿ ಅಮ್ಮನಿಂದ ಮೊಟಕಿಸಿಕೊಂಡಳು.

ಒಂಟಿಯಾಗಿ ಹೋಗುವುದೆಂದರೆ ಸಾಹೇಬರಿಗೆ ಒಳಗೊಳಗೇ ನಡುಕ. ಹಾಗೆಂದು ಹೇಳಿಕೊಳ್ಳುವ ಅಭ್ಯಾಸ ಅವರಿಗಿರಲಿಲ್ಲ. ಇದ್ದ ಅಭ್ಯಾಸ ಒಂದೇ. ಅದನ್ನೇ ಮಾಡಿದರು. ಮನೆ ಸಾಗಿಸುವುದಕ್ಕೊಂದು ಅಣಕು ಕಾರ್ಯಾಚರಣೆ!

"ಎಲ್ಲ ಎಷ್ಟು ಸಲೀಸಾಗಿ ನಡೆಯುತ್ತೆ ಅಂತ ಅತ್ತೆ ಕಣ್ಣಾರೆ ನೋಡಲಿ. ಭಯ ಹೋಗುತ್ತೆ. ಸಾಮಾನು ಕಟ್ಟೋದು, ಲಾರಿಗೆ ತುಂಬೋದು, ತಲೆ ಎಣಿಸೋದು, ಮತ್ತೆ ಎಲ್ಲ ಇಳಿಸಿ ಒಳಗಿಡೋದು."

"ಲಾರಿ ಯಾಕ್ರೀ? ಸುಮ್ನೆ ಲಾರಿ ಬಂತು ಅಂದ್ಕೊಂಡ್ರೆ ಆಗಲ್ವಾ?" ಎಂದು ಕೇಳಿದಳು ಹೆಂಡತಿ.

"ಲಾರಿ ಇಲ್ಲದ ಡ್ರಿಲ್ಲು ಡ್ರಿಲ್ಲೇ ಅಲ್ಲ."

ಹೀಗಾಗಿ ಮುಂದಿನ ವಾರ ಬರಬೇಕಾದ ಲಾರಿಯೇ ಈ ಭಾನುವಾರವೂ ಬಂದು ಬಾಗಿಲಲ್ಲಿ ನಿಂತಿತು. ಸಾಹೇಬರು ಮೊದಲು ಡ್ರೈವರನಿಗೆ ಪಾಠ ಮಾಡಿದರು. "ಗಾಡಿ ಓಡಿಸುವಾಗ ಫೋನ್ ಎತ್ತುವವನು ಯಮನ ಜೊತೆ ಮಾತಾಡ್ತಾನೆ ಅಂತ ತಿಳ್ಕೋ. ಯಾರೇ ಕರೆದ್ರೂ ಎತ್ತಬೇಡ. ನಾನು ಕರೆದ್ರೂ ಎತ್ತಬೇಡ." ಡ್ರೈವರು ಪಾಪ, ಜೀವನದಲ್ಲಿ ಯಾರೂ ತನ್ನ ಪ್ರಾಣದ ಬಗ್ಗೆ ಇಷ್ಟು ಕಾಳಜಿ ತೋರಿಸಿರಲಿಲ್ಲವೆಂದು ಕೈ ಮುಗಿದ.

ಸೀಟಿ ಮೊಳಗಿತು. ಪಾತ್ರೆಗಳು ಪೆಟ್ಟಿಗೆ ಸೇರಿದವು, ಬಟ್ಟೆಗಳು ಗಂಟಾದವು. ಅಣಕಾದರೂ ಅಚ್ಚುಕಟ್ಟಿರಬೇಕೆಂದು ಪ್ರತಿ ಪೆಟ್ಟಿಗೆಯ ಮೇಲೂ ಹೊಸ ಮನೆಯ ಅಸಲಿ ವಿಳಾಸ ಅಂಟಿತು. ತುರ್ತು ಸಮಯದಲ್ಲಿ ಫೋನು ಹಿಡಿದು ನಿಲ್ಲುವುದು ಅಪರಾಧವೆಂದು ಮನೆಯ ಎಲ್ಲ ಫೋನುಗಳನ್ನೂ ಒಂದು ಡಬ್ಬಿಗೆ ಹಾಕಿ, 'ಅಮೂಲ್ಯ' ಎಂದು ಬರೆದು ಅದನ್ನೂ ಲಾರಿಗೆ ಏರಿಸಿದರು.

ಉಳಿದದ್ದು ಅತ್ತೆಯ ಮಂಚ. ಅದನ್ನು ಕೇಳಲು ಸಾಹೇಬರಿಗೆ ಧೈರ್ಯ ಬರಲಿಲ್ಲ. ಬಾಗಿಲಲ್ಲಿ ನಿಂತು ಸೀಟಿಯನ್ನು ಒಮ್ಮೆ ಒರೆಸಿದರು, ಇನ್ನೊಮ್ಮೆ ಒರೆಸಿದರು. ಅತ್ತೆಯೇ ಹಾಸಿಗೆ ಸುತ್ತಿ ಎದ್ದು ನಿಂತರು.

"ಅಭ್ಯಾಸ ಅಂದ್ಮೇಲೆ ಪೂರ್ತಿ ಮಾಡಿ ಅಳಿಯಂದ್ರೇ. ಮಂಚ ಬಿಟ್ಟು ಎಂಥ ಅಭ್ಯಾಸ?"

ಸಾಹೇಬರ ಎದೆ ತುಂಬಿ ಬಂತು. ಇಷ್ಟು ವರ್ಷದ ಸೇವೆಯಲ್ಲಿ ಅವರ ಡ್ರಿಲ್ಲನ್ನು ಮನಸಾರೆ ಒಪ್ಪಿದ ಮೊದಲ ವ್ಯಕ್ತಿ ಅತ್ತೆ! ಮಂಚ ಎಲ್ಲಕ್ಕಿಂತ ಕೊನೆಗೆ ಏರಿತು. ಅದರ ಎರಡು ಕಾಲು ಲಾರಿಯ ಹಿಂದೆ ಹೊರಗೆ ಚಾಚಿಕೊಂಡವು.

"ಈಗ ಎಲ್ಲರೂ ಬೀದಿ ಮೂಲೆಗೆ. ಅದೇ ಸೇರುವ ಜಾಗ" ಎಂದರು ಸಾಹೇಬರು.

"ನನ್ನ ಮಂಡಿ ಅಲ್ಲೀತನಕ ಬರಲ್ಲ" ಎಂದು ಅತ್ತೆ ಮೆಟ್ಟಿಲ ಮೇಲೆ ಕೂತರು.

ಸಾಹೇಬರ ಬಳಿ ಎಲ್ಲಕ್ಕೂ ವ್ಯವಸ್ಥೆ ಇತ್ತು. ಕಾರ್ಖಾನೆಯಿಂದ ತಂದಿದ್ದ ರಟ್ಟಿನ ಫಲಕವೊಂದನ್ನು ಜೇಬಿನಿಂದ ತೆಗೆದು ಅತ್ತೆಯ ಕೊರಳಿಗೆ ಹಾಕಿದರು. ಅದರಲ್ಲಿ ಕೆಂಪು ಅಕ್ಷರದಲ್ಲಿ 'ಗಾಯಾಳು' ಎಂದಿತ್ತು. "ನೀವು ಇಲ್ಲೇ ಇರಿ ಅತ್ತೆ. ಗಾಯಾಳುಗಳನ್ನು ಬೇರೆ ತಂಡ ನೋಡ್ಕೊಳ್ಳುತ್ತೆ." ಆಮೇಲೆ ಗೇಟಿನಲ್ಲಿ ನಿಂತು ಹೆಂಡತಿ, ಮಗಳು, ತಾವು ಎಂದು ಬೆರಳು ಮಡಚಿದರು. "ಒಂದು, ಎರಡು, ಮೂರು. ನಮ್ಮ ಮನೆಯವರೆಲ್ಲ ಇದಾರೆ. ನಡೀರಿ!"

ಬೇರೆ ತಂಡ ಯಾವುದು ಎಂದು ಯಾರೂ ಕೇಳಲಿಲ್ಲ. ಮೂವರೂ ಮೂಲೆಗೆ ಹೋಗಿ ಸಾಲಾಗಿ ನಿಂತರು. ಸಾಹೇಬರು ಭಾಷಣಕ್ಕೆ ಗಂಟಲು ಸರಿಮಾಡಿಕೊಳ್ಳುವಾಗ ಲಾರಿಯೊಂದು ತಿರುವಿಗೆ ಬಂತು. ಎದುರಿಂದ ಸ್ಕೂಟರುಗಳು ನುಗ್ಗುತ್ತಿದ್ದವು. ಕರ್ತವ್ಯಪ್ರಜ್ಞೆ ಎಂಬುದು ರಕ್ತದಲ್ಲಿ ಬಂದದ್ದು. ಸಾಹೇಬರು ಬೀದಿಯ ನಡುವೆ ಜಿಗಿದು, ಸೀಟಿ ಊದಿ, ಸ್ಕೂಟರುಗಳನ್ನು ಎಡಗೈಯಲ್ಲಿ ತಡೆದು, ಬಲಗೈಯಲ್ಲಿ ಲಾರಿಗೆ ರಾಜಮರ್ಯಾದೆಯ ದಾರಿ ಬಿಡಿಸಿಕೊಟ್ಟರು. ಡ್ರೈವರು ಕೈ ಬೀಸಿದ. ಸಾಹೇಬರೂ ಬೀಸಿದರು.

"ಅಪ್ಪ," ಎಂದಳು ಮಗಳು, "ಆ ಮಂಚದ ಕಾಲು ಅಜ್ಜೀದು."

ಸಾಹೇಬರು ಆಮೇಲೆ ಊದಿದ ಸೀಟಿಗೆ ಮೂರು ಬೀದಿಯ ನಾಯಿಗಳು ಎದ್ದವು, ಲಾರಿ ಮಾತ್ರ ನಿಲ್ಲಲಿಲ್ಲ.

ಅಕ್ಕಪಕ್ಕದವರ ಫೋನು ಕೇಳಿ ಪಡೆದರೆ ಒಂದು ನಂಬರೂ ನೆನಪಿಲ್ಲ. ಆಟೋ ಹಿಡಿದು ಲಾರಿ ಮಾಲೀಕನ ಶೆಡ್ಡಿಗೆ ಓಡಿದರು. ಮಾಲೀಕ ಡ್ರೈವರನಿಗೆ ಮತ್ತೆ ಮತ್ತೆ ಫೋನು ಹಚ್ಚಿ ಹಚ್ಚಿ ಸುಸ್ತಾದ. "ನಿನ್ನೆವರೆಗೂ ಎಷ್ಟೊತ್ತಿಗೆ ಮಾಡಿದ್ರೂ ಎತ್ತುತ್ತಿದ್ದ ಸಾರ್. ಇವತ್ತು ಇವನಿಗೆ ಏನು ಬಂತೋ ಕಾಣೆ."

ಏನು ಬಂತೆಂದು ಸಾಹೇಬರಿಗೆ ಗೊತ್ತಿತ್ತು.

ಸಂಜೆ ಮನೆಗೆ ಬಂದಾಗ ಮನೆಯೊಳಗೆ ಅವರ ಹೆಜ್ಜೆಯ ಸದ್ದೇ ಅವರಿಗೆ ಎರಡು ಸಲ ಕೇಳಿಸಿತು. ಗೋಡೆಯಲ್ಲಿ ಮೊಳೆಗಳು, ಅಡುಗೆಮನೆಯಲ್ಲಿ ನಲ್ಲಿ. ಪಕ್ಕದ ಮನೆಯವರು ಕೊಟ್ಟ ಚಾಪೆಯ ಮೇಲೆ ಅತ್ತೆ ಗೋಡೆಗೆ ಒರಗಿ ಕೂತಿದ್ದರು. ಹೆಂಡತಿ ಗಂಡನ ಮುಖ ನೋಡಲಿಲ್ಲ. ನೋಡದಿದ್ದರೆ ಬೈಗುಳ ಇನ್ನೂ ಬೇಯುತ್ತಿದೆ ಎಂದು ಅರ್ಥ. ಬಾರದ ಅತ್ತೆಯ ಮಂಚವನ್ನು ಅತ್ತೆಗಿಂತ ಮೊದಲೇ ಸಾಗಿಸಿಬಿಟ್ಟಿದ್ದಾಯಿತು. ಇನ್ನು ಅತ್ತೆ ಬರುವುದಂತೂ ಇಲ್ಲ, ಹೆಂಡತಿಯೂ ಇಲ್ಲ. ಹೊಸ ಊರಿನಲ್ಲಿ ಆ ಎಲ್ಲ ಪೆಟ್ಟಿಗೆಗಳ ನಡುವೆ ತಾನೊಬ್ಬನೇ ಕೂತು ಚಮಚ ಎಣಿಸುವ ಚಿತ್ರ ಸಾಹೇಬರ ಕಣ್ಣಿಗೆ ಕಟ್ಟಿತು.

"ಅತ್ತೆ..." ಎಂದರು.

"ನನ್ನ ಮಂಚ ಎಲ್ಲಿದೆ ಅಳಿಯಂದ್ರೇ?"

"ಬೇರೆ ರಾಜ್ಯದಲ್ಲಿ ಇರಬೇಕು."

"ಯಾವಾಗ ವಾಪಸು ಬರುತ್ತೆ?"

"ಅದು... ಅಷ್ಟು ದೂರ ಹೋದ ಲಾರಿನ ವಾಪಸು ಕರೆಸೋದು..."

ಅತ್ತೆ ದೀರ್ಘವಾಗಿ ಉಸಿರುಬಿಟ್ಟರು. "ಇನ್ನೇನು ಮಾಡೋದು? ಮಂಚ ಇಲ್ದೆ ನನಗೆ ನಿದ್ದೆ ಬರಲ್ಲ ಅನ್ನೋದು ಊರಿಗೇ ಗೊತ್ತು. ಚಿಕ್ಕವಳ ಮನೇಲಿ ನೆಲದ ಮೇಲೆ ಮಲಗೋ ವಯಸ್ಸಾ ನಂದು? ಮಂಚ ಎಲ್ಲಿದೆಯೋ ಅಲ್ಲಿಗೆ ಹೋಗಬೇಕು. ನಾಳೆ ರೈಲಿದೆಯಾ ನೋಡಿ."

ಕೆಟ್ಟ ಮೇಲೆ ಬುದ್ಧಿ ಬಂತು ಎನ್ನುತ್ತಾರೆ, ಸಾಹೇಬರಿಗೆ ಕೆಟ್ಟ ಮೇಲೆ ಅದೃಷ್ಟವೇ ಬಂದಿತ್ತು. ಎದೆಯ ಮೇಲಿಂದ ತೇಗದ ಮಂಚವನ್ನೇ ಇಳಿಸಿದಷ್ಟು ಹಗುರವಾಯಿತು. ಮಗಳು ಖಾಲಿ ಮನೆ ತುಂಬ ಕುಣಿದಳು. ಹೆಂಡತಿ ಬೈಯುವುದನ್ನೇ ಮರೆತು ಮುಖ ತಿರುಗಿಸಿ ಕಣ್ಣೊರೆಸಿಕೊಂಡಳು. ಮರುದಿನ ನಾಲ್ವರೂ ರೈಲು ಹತ್ತಿದರು. ಕೈಯಲ್ಲಿ ಒಂದೊಂದು ಚೀಲ, ಅಷ್ಟೇ. ಕಿಟಕಿಯ ಪಕ್ಕ ಕೂತ ಸಾಹೇಬರಿಗೆ ನಿಧಾನವಾಗಿ ಹಳೇ ಜಂಬ ಮರಳಿತು. "ನೋಡಿದ್ರಾ, ಎಷ್ಟು ಸಲೀಸು! ಎಲ್ಲಕ್ಕೂ ಅಭ್ಯಾಸ ಇರ್ಬೇಕು" ಎಂದರು. ಹೆಂಡತಿಯೂ ಅತ್ತೆಯೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಹೊಸ ಮನೆಯ ಮುಂದೆ ಲಾರಿ ನಿಂತಿತ್ತು. ಕಾವಲುಗಾರನಿಂದ ಕೀಲಿ ಪಡೆದು ಎಲ್ಲವನ್ನೂ ಒಳಗೆ ಜೋಡಿಸಿದ್ದ ಡ್ರೈವರು, ವಾಪಸು ಹೋಗಲು ಬಾಡಿಗೆ ಸರಕು ಸಿಗುವವರೆಗೆ ನೆರಳಿನಲ್ಲಿ ಕಾಲು ಚಾಚಿ ಕೂತಿದ್ದ. ಒಂದು ಚಮಚವೂ ಆಚೀಚೆ ಆಗಿರಲಿಲ್ಲ.

ಅತ್ತೆ ಒಳಗೆ ಹೋದ ಮೇಲೆ ಸಾಹೇಬರು ಅವನನ್ನು ಹಿಡಿದುಕೊಂಡರು. "ಅಲ್ಲಯ್ಯಾ, ಅದು ಬರೀ ಡ್ರಿಲ್ಲು. ತುಂಬಿ ಇಳಿಸೋದು ಅಂತ ನಿಮ್ಮ ಮಾಲೀಕನಿಗೆ ಹೇಳಿದ್ದೆ. ನಿನಗೆ ಹೊರಡು ಅಂದವರು ಯಾರು?"

"ಗಾಯಾಳು ಸಾರ್."

"ಯಾರು?"

"ಕೊರಳಲ್ಲಿ ಬೋರ್ಡು ಹಾಕ್ಕೊಂಡು ಮೆಟ್ಟಿಲ ಮೇಲೆ ಕೂತಿದ್ರಲ್ಲ, ಅವರು. ಇಳಿಸೋದು ಯಾವಾಗ ಅಂತ ಕೇಳ್ದೆ. 'ಇಳಿಸೋದು ಅಲ್ಲಿ ಹೋದ್ಮೇಲೆ. ನೀನು ಹೊರಡು, ಮಂಚ ಜೋಪಾನ' ಅಂದ್ರು. ದಾರಿಗೆ ಬಾಳೆಹಣ್ಣೂ ಕೊಟ್ರು. ಮೂಲೇಲಿ ನೀವೇ ಸೀಟಿ ಊದಿ ದಾರಿ ಬಿಡಿಸಿದ್ರಲ್ಲ ಸಾರ್, ನನಗೆ ಅನುಮಾನ ಹೇಗೆ ಬರುತ್ತೆ?"

ಸಾಹೇಬರು ಒಳಗೆ ಹೋದರು. ಅತ್ತೆಯ ಕೋಣೆಯಲ್ಲಿ ಮಂಚ ಕಿಟಕಿಯ ಕಡೆಗೆ ತಲೆ ಹಾಕಿ ನಿಂತಿತ್ತು. ಅತ್ತೆ ಅದರ ಮೇಲೆ ಕಾಲು ನೀಡಿ ಕೂತಿದ್ದರು. ಹೆಂಡತಿ ಬಾಗಿಲಿಗೆ ಒರಗಿ ಸೆರಗು ಬಾಯಿಗೆ ಒತ್ತಿಕೊಂಡಿದ್ದಳು. ಅಲ್ಲಿಗೆ, ಗೊತ್ತಿಲ್ಲದವರು ಮನೆಯಲ್ಲಿ ತಾವೊಬ್ಬರೇ ಎಂದಾಯಿತು.

"ಅತ್ತೆ, ಬರೋ ಮನಸ್ಸಿದ್ರೆ ಬರ್ತೀನಿ ಅನ್ನಬಹುದಿತ್ತಲ್ಲ?"

"ಹೇಗೆ ಅನ್ನಲಿ? ಮೊದಲ ದಿನವೇ ಬರಲ್ಲ ಅಂದಿದ್ದೆ. ಮುದುಕಿ ಮಾತು ತಪ್ಪಿದಳು ಅನ್ನಿಸ್ಕೊಳ್ಳಲಾ? ಬನ್ನಿ ಅತ್ತೆ ಅಂತ ನೀವು ಒಂದು ಸಲ ಕರೆದಿದ್ರೆ ಸಾಕಿತ್ತು. ನಕ್ಷೆ ತೋರಿಸಿದ್ರಿ, ಬಾಗಿಲು ತೋರಿಸಿದ್ರಿ, ಬೆಂಕಿ ಬಿದ್ರೆ ಹೇಗೆ ಓಡಬೇಕು ಅಂತ ತೋರಿಸಿದ್ರಿ. ಬನ್ನಿ ಅಂತ ಮಾತ್ರ ಅನ್ನಲಿಲ್ಲ." ಅತ್ತೆ ಮಂಚದ ಅಂಚನ್ನು ಸವರಿದರು. "ಕೊನೆಗೆ ಗೇಟಲ್ಲಿ ನಿಂತು ಎಣಿಸಿದ್ರಿ. ಮೂರು, ನಮ್ಮ ಮನೆಯವರೆಲ್ಲ ಇದಾರೆ ಅಂದ್ರಿ. ಅದಕ್ಕೇ ಲಾರಿಯವನಿಗೆ ಹೊರಡು ಅಂದೆ. ನನ್ನನ್ನು ಎಣಿಸದಿದ್ರೂ ಮಂಚನ ಎಣಿಸಲೇಬೇಕಲ್ಲ."

ಸಾಹೇಬರಿಗೆ ನಾಚಿಕೆಯಾಯಿತು. ನಾಚಿಕೆಗಿಂತ ಹೆಚ್ಚಾಗಿ, ಆ ಲಾರಿ ನಿಲ್ಲದೆ ಹೋದದ್ದಕ್ಕೆ ದೊಡ್ಡ ನೆಮ್ಮದಿಯಾಯಿತು. ಡ್ರೈವರು ಫೋನು ಎತ್ತಿದ್ದರೆ ತನ್ನ ಗತಿ ಏನಾಗುತ್ತಿತ್ತು!

"ತಪ್ಪಾಯ್ತು ಅತ್ತೆ. ನೀವಿಲ್ದೆ ಈ ಮನೆ ನಡೆಯಲ್ಲ. ನನಗೆ ಹೇಳೋಕೆ ಬರಲಿಲ್ಲ. ಎಣಿಸೋದೂ ಸರಿಯಾಗಿ ಬರಲಿಲ್ಲ. ನಾವು ನಾಲ್ಕು ಜನ."

"ಹೂಂ. ಆ ಸೀಟಿ ಕೊಡಿ ಇಲ್ಲಿ."

ಸಾಹೇಬರು ಕೊರಳಿನಿಂದ ತೆಗೆದುಕೊಟ್ಟರು. ಅತ್ತೆ ಅದನ್ನು ಸೆರಗಿನಿಂದ ಚೆನ್ನಾಗಿ ಒರೆಸಿ, ಕೆನ್ನೆ ಉಬ್ಬಿಸಿ ಊದಿದರು. ಹೊಸ ಮನೆಯ ಗೋಡೆಗಳೆಲ್ಲ ಝುಮ್ಮೆಂದವು.

"ಅಳಿಯಂದ್ರೇ, ಇದು ಅಭ್ಯಾಸ ಅಲ್ಲ, ನಿಜ. ಹೋಗಿ ಎಲ್ಲರಿಗೂ ಕಾಫಿ ಮಾಡ್ಕೊಂಡು ಬನ್ನಿ. ನಾಲ್ಕು ಲೋಟ, ಎಣಿಸಿ."

ಸಾಹೇಬರು ಅಡುಗೆಮನೆ ಕಡೆ ಹೆಜ್ಜೆ ಹಾಕಿದರು. ಬಾಗಿಲವರೆಗೆ ಹೋಗುವಷ್ಟರಲ್ಲಿ ಹಿಂದಿನಿಂದ ಇನ್ನೊಂದು ಸೀಟಿ.

"ಐದು ಮಾಡಿ. ಲಾರಿಯವನು ಹೊರಗೆ ಕೂತಿದಾನೆ. ಅವನನ್ನೂ ಎಣಿಸೋದು ಮರೆತ್ರಿ."