ಬೀರುವಿನೊಳಗಿನ ತೋಳ

“ತೋಳದ ಹಾಗೆ ಕಿರುಚೋ ಗಂಡಸು ಈ ಭೂಮಂಡಲದಲ್ಲಿ ಒಬ್ಬನೇ, ಅದು ನಾನು! ಇನ್ಮೇಲೆ ಆ ತೋಳ ಕಿರುಚಿದರೆ ಈ ಗಂಟಲಿಂದಲೇ ಕಿರುಚಬೇಕು. ಇಲ್ಲದಿದ್ರೆ ನನ್ನನ್ನ ಕಲಾವಿದ ಅಂತ ಯಾರೂ ಕರೀಬೇಡಿ!”

ಹೀಗೆಂದು ಕಂಠರಾಯರು ಸೋಫಾದ ಮೇಲೆ ಹತ್ತಿ ನಿಂತು ಶಪಥ ಮಾಡಿದರು. ಕಂಠರಾಯರು ಎಂಬುದು ಕಟ್ಟಡದವರು ಇಟ್ಟ ಅಡ್ಡಹೆಸರು. ಅದು ಬಿರುದೆಂದು ಅವರು ಇಂದಿಗೂ ನಂಬಿದ್ದಾರೆ.

ಬಹಳ ಹಿಂದೆ ಟೀವಿಯಲ್ಲಿ ಒಂದು ಮಕ್ಕಳ ಕಾರ್ಟೂನ್ ಬರುತ್ತಿತ್ತು. ಅದರಲ್ಲಿ ತೋಳವೊಂದು ಆಮೆಯೊಂದನ್ನು ಅಟ್ಟಿಸಿಕೊಂಡು ಹೋಗುತ್ತಿತ್ತು. ಆಮೆ ಸಿಗುತ್ತಿರಲಿಲ್ಲ! ತೋಳದ ತಲೆಯ ಮೇಲೆ ಇಸ್ತ್ರಿಪೆಟ್ಟಿಗೆ ಬೀಳುತ್ತಿತ್ತು, ಬಾಲ ಬಾಗಿಲಿಗೆ ಸಿಕ್ಕುತ್ತಿತ್ತು, ರೋಡ್ ರೋಲರಿನಡಿ ಅದು ಕಾಗದದಷ್ಟು ತೆಳ್ಳಗಾಗುತ್ತಿತ್ತು. ಪ್ರತಿಸಲವೂ “ಆಂವ್ವ್ವ್ವೂ” ಎಂಬ ಒಂದು ಕೂಗು. ತೋಳಕ್ಕೆ ಬೇರೆ ಮಾತೇ ಇರಲಿಲ್ಲ. ಆ ಕೂಗನ್ನು ಅಚ್ಚಗನ್ನಡಕ್ಕೆ ತಂದ ಕೀರ್ತಿ ನಮ್ಮ ರಾಯರದು. ಆಮೇಲೆ ಅವರು ಸೋಪಿನ ಜಾಹೀರಾತಿನಲ್ಲಿ ಕೆಮ್ಮಿದರು, ಧಾರಾವಾಹಿಗಳಲ್ಲಿ ಗೊರಕೆ ಹೊಡೆದರು. ಆದರೆ ಕೀರ್ತಿ ಎಂದರೆ ಆ ತೋಳವೇ.

ಬೆಂಕಿ ಹಚ್ಚಿದವನು ಭಾಮೈದ. ಸೋಫಾದ ಮೇಲೆ ಕಾಲು ಚಾಚಿ, ದೊಡ್ಡವರಿಗೆಂದೇ ಮಾಡಿದ ಹೊಸ ಕಾರ್ಟೂನ್ ಧಾರಾವಾಹಿ ನೋಡುತ್ತಿದ್ದವನು ಇದ್ದಕ್ಕಿದ್ದಂತೆ, “ಭಾವಾ, ಬನ್ನಿ ಬನ್ನಿ, ನಿಮ್ಮ ತೋಳ ಬಂತು!” ಎಂದು ಕೂಗಿದ.

ರಾಯರು ಅರ್ಧ ಗಡ್ಡದಲ್ಲೇ ಓಡಿ ಬಂದರು. ನೋಡಿದರೆ ಏನಿದೆ? ತೋಳಕ್ಕೆ ವಯಸ್ಸಾಗಿದೆ! ಹೊಟ್ಟೆ ಬಂದಿದೆ! ಅದು ಆಫೀಸಿನಲ್ಲಿ ಗುಮಾಸ್ತ, ಮೇಲಧಿಕಾರಿಯ ಕುರ್ಚಿಯಲ್ಲಿ ಅದೇ ಆಮೆ! ಮನೆಗೆ ಬಂದರೆ ತೋಳದ ಹೆಂಡತಿ ಬಾಗಿಲಲ್ಲೇ ತರಾಟೆಗೆ ತೆಗೆದುಕೊಳ್ಳುತ್ತಾಳೆ. ತೋಳ ಬಾಲ್ಕನಿ ದಾಟಿ ಗಾಳಿಯಲ್ಲಿ ನಡೆದು, ಕೆಳಗೆ ನೋಡಿ, ಆಮೇಲೆ ಬೀಳುತ್ತದೆ. ಬೀಳುವಾಗ ಒಂದು ಕೂಗು. ಬಿಸಿ ಕಾಫಿಗೆ ನಾಲಿಗೆ ಸುಟ್ಟುಕೊಂಡವರು ಮುಲುಗಿದಂತಿತ್ತು!

“ಯಾವನೋ ಇವನು? ನನ್ನ ಕೂಗನ್ನ ಕೊಂದವನು ಯಾವನು?”

“ಭಾವಾ, ಇದು ಹಳೇ ಕಾರ್ಟೂನಿಗೆ ಗೌರವ ಸಲ್ಲಿಸೋ ರೀತಿ. ಹಳಬರನ್ನ ನೆನಪಿಸೋದು.”

“ಗೌರವವಾ! ಹೊಟ್ಟೆ ಬರಿಸಿ, ತೂತು ಬನಿಯನ್ ಹಾಕಿಸಿ, ಹೆಂಡತಿ ಕೈಲಿ ಬೈಸಿದ್ರೆ ಅದು ಗೌರವವಾ?”

ಭಾಮೈದ ಭಾವನ ಹೊಟ್ಟೆ ನೋಡಿದ, ಬನಿಯನ್ ನೋಡಿದ, ಅಡುಗೆಮನೆಯಲ್ಲಿದ್ದ ಅಕ್ಕನ ಕಡೆಗೂ ಒಮ್ಮೆ ನೋಡಿದ.

ಶಪಥವಾದ ಮೇಲೆ ರಾಯರು ಡಬ್ಬಿಂಗ್ ಸ್ಟುಡಿಯೋಗೆ ಫೋನ್ ಮಾಡಿದರು. ನಿರ್ದೇಶಕಿ ಎಳೆಯ ದನಿಯವಳು, ವಿನಯದವಳು. “ಅಯ್ಯೋ, ಆ ತೋಳ ನೀವೇನಾ ಸರ್! ಮುಂದಿನ ಕಂತುಗಳಲ್ಲೂ ಅದು ಬರುತ್ತೆ. ಸಂಜೆಯೊಳಗೆ ಒಂದು ಸ್ಯಾಂಪಲ್ ಕಳಿಸ್ತೀರಾ?”

“ಸ್ಯಾಂಪಲ್! ನನ್ನನ್ನ ಸ್ಯಾಂಪಲ್ ಕೇಳೋದು ಅಂದ್ರೆ ಸೂರ್ಯನ ಹತ್ರ ಹೋಗಿ, ಸ್ವಲ್ಪ ಬೆಳಕು ಬಿಟ್ಟು ತೋರಿಸಪ್ಪ ಅಂದ ಹಾಗಾಯ್ತು!” ಎಂದು ಗುಡುಗಿದರು. ಫೋನ್ ಇಟ್ಟ ಮೇಲೆ ಗುಡುಗಿದರು ಎಂಬುದನ್ನು ಇಲ್ಲಿ ಹೇಳಲೇಬೇಕು.

ಹೆಂಡತಿ ಆಸ್ಪತ್ರೆಗೆ ಹೊರಟಳು. ಅಲ್ಲಿ ಚೀಟಿ ಕೊಡುವ ಕೌಂಟರು ಅವಳದು. ಸಾಲು ತಪ್ಪಿಸುವವರನ್ನು ಮೈಕಿನ ಹಂಗಿಲ್ಲದೆ ಗೇಟಿನವರೆಗೂ ಅಟ್ಟುವ ಗಂಟಲು. “ರೀ, ನಾನು ಬರೋದರೊಳಗೆ ಮನೆ ಮನೆಯಾಗಿರಲಿ” ಎಂದು ಹೇಳಿ ತಮ್ಮನನ್ನೂ ಹೊರಡಿಸಿಕೊಂಡು ಹೋದಳು.

ಮನೆ ಖಾಲಿಯಾಯಿತು. ಆದರೆ ಕೋಣೆಯಲ್ಲಿ ಕೂಗಿದರೆ ದನಿ ಗೋಡೆಗೆ ಬಡಿದು ವಾಪಸ್ ಬರುತ್ತದೆ. ಅದಕ್ಕೆ ಕಸುಬಿನವರಿಗೆ ಗೊತ್ತಿರುವ ಉಪಾಯವೊಂದಿದೆ: ಬಟ್ಟೆಗಳ ನಡುವೆ ನಿಂತು ಕೂಗುವುದು. ರಾಯರು ಹೆಂಡತಿಯ ದೊಡ್ಡ ಮರದ ಬೀರುವಿನೊಳಗೆ ಹೊಕ್ಕರು. ಇನ್ನೊಂದು ಗುಟ್ಟು, ಆ ಕೂಗಿಗೆ ನಿಜವಾದ ನೋವು ಬೇಕು. ಆಗಿನ ಕಾಲದಲ್ಲಿ ಸ್ಟುಡಿಯೋದವನು ಬೂಟುಗಾಲಲ್ಲಿ ಅವರ ಕಿರುಬೆರಳು ತುಳಿಯುತ್ತಿದ್ದ. ಈಗ ಯಾರಿದ್ದಾರೆ? ಬಟ್ಟೆ ಒಣಗಿಸುವ ಕ್ಲಿಪ್ಪು ತಂದು ಕಿವಿಗೊಂದೊಂದು ಸಿಕ್ಕಿಸಿಕೊಂಡರು. ಫೋನಿನಲ್ಲಿ ರೆಕಾರ್ಡಿಂಗ್ ಒತ್ತಿ, ಬೀರುವಿನ ಬಾಗಿಲನ್ನು ಬಲವಾಗಿ ಎಳೆದುಕೊಂಡರು.

ಕ್ಲಿಕ್! ಬಾಗಿಲು ಹೊರಗಿನಿಂದ ಚಿಲಕ ಹಾಕಿಕೊಂಡಿತು.

“ಆಂವ್ವ್ವ್ವೂ!” ಮೊದಲನೆಯದು ಕಲೆಗಾಗಿ. ಆಮೇಲಿನವೆಲ್ಲ ಪ್ರಾಣಕ್ಕಾಗಿ! ಫೋನು ಕೈಜಾರಿ ಬಟ್ಟೆಗಳಡಿ ಎಲ್ಲೋ ಸೇರಿತು. ಕ್ಲಿಪ್ಪು ತೆಗೆಯೋಣವೆಂದರೆ ಮೊಣಕೈ ಮಡಚಲು ಜಾಗವಿಲ್ಲ. ರಾಯರು ಒದ್ದರು, ಗುದ್ದಿದರು, ಬೊಬ್ಬೆ ಹೊಡೆದರು.

ಹೆಂಡತಿ ಬರುವ ಹೊತ್ತಿಗೆ ಮೆಟ್ಟಿಲ ತುಂಬ ಜನ. ಎಲ್ಲರಿಗಿಂತ ಮುಂದೆ ಕೆಳಮನೆಯ ದರ್ಜಿಯಮ್ಮ, ಕೊರಳಲ್ಲಿ ಅಳತೆಯ ಟೇಪಿನ ಸಮೇತ. “ಅಲ್ಲಮ್ಮಾ, ಗಂಡಹೆಂಡಿರು ಅಂದ್ಮೇಲೆ ಒಂದು ಮಾತು ಬರುತ್ತೆ, ಹೋಗುತ್ತೆ. ಹಾಗಂತ ಆ ಬಡಪಾಯಿನ ಕೂಡಿಹಾಕಿ ಕೆಲಸಕ್ಕೆ ಹೋಗೋದಾ?”

ಅವಳು ಎಳೆದರೆ ತಾನೇ ಬೀಗ ಬೀಳುವ ಮುಂಬಾಗಿಲನ್ನು ಕೀಲಿಯಿಂದ ತೆಗೆದಳು. ಕೂಗು ಬರುತ್ತಿದ್ದ ಬೀರುವಿನ ಮುಂದೆ ಹೋಗಿ ನಿಂತಳು. ಚಿಲಕ ತೆಗೆಯಲಿಲ್ಲ. ಮೊದಲು ಮಹಾಮಂಗಳಾರತಿ ಶುರುವಾಯಿತು.

“ಕೂಡಿಹಾಕಿದ್ನಂತೆ! ನಾನು! ಊರಿನ ಕಾಯಿಲೆಯನ್ನೆಲ್ಲ ಸಾಲಲ್ಲಿ ನಿಲ್ಲಿಸಿ ಬಂದ್ರೆ, ಮನೇಲಿ ಇದೊಂದು ಕಾಯಿಲೆ ನನ್ನ ಬಟ್ಟೆ ಮಧ್ಯೆ ನಿಂತು ಊಳಿಡ್ತಿದೆ! ಏನ್ರೀ, ಒಳಗೆ ಆಮೆ ಸಿಕ್ತಾ? ಜೀವಮಾನ ಪೂರ್ತಿ ಒಂದು ಆಮೆ ಹಿಡಿಯೋಕೆ ಆಗದ ತೋಳಕ್ಕೆ ಪೌರುಷ ಬೇರೆ ಕೇಡು! ಮಗ್ಗುಲಲ್ಲಿ ಗೊರಕೆ ಹೊಡೆದು ಸಾಯಿಸಿದ್ದು ಸಾಲದು ಅಂತ, ಈಗ ಕಟ್ಟಡದವರ ಮುಂದೆ ನನ್ನನ್ನ ರಾಕ್ಷಸಿ ಮಾಡಿದ್ರಲ್ಲ!”

ದರ್ಜಿಯಮ್ಮ ಗಂಡಸಿನ ಪರವಾಗಿ ಬಂದವಳು, ನಡುವೆ ಎಲ್ಲೋ ಪಕ್ಷ ಬದಲಿಸಿ ಕಣ್ಣಲ್ಲಿ ನೀರು ಬರುವಷ್ಟು ನಗುತ್ತಿದ್ದಳು.

ಕೊನೆಗೆ ಚಿಲಕ ತೆಗೆದಾಗ ಕಿವಿಗೆ ಕ್ಲಿಪ್ಪು, ಹೆಗಲಿಗೆ ಅವಳದೊಂದು ಸ್ವೆಟರು ತಗುಲಿಸಿಕೊಂಡು ರಾಯರು ಹೊರಬಿದ್ದರು. “ಇದು ಕಲೆ! ಕಲೆಯೆಂದರೆ ನಿಮಗೇನು ಗೊತ್ತು?” ಎಂದು ಅಬ್ಬರಿಸಿ, ಬಟ್ಟೆಗಳಡಿಯಿಂದ ಫೋನು ಹೆಕ್ಕಿ, ರೆಕಾರ್ಡಿಂಗ್ ನಿಲ್ಲಿಸಿ, ಸಿಟ್ಟಿನ ಭರದಲ್ಲಿ ಕೇಳಿಯೂ ನೋಡದೆ ಇಡಿಯಾಗಿ ಸ್ಟುಡಿಯೋಗೆ ಕಳಿಸಿಬಿಟ್ಟರು.

ಕತ್ತಲಾಗುವ ಮುಂಚೆ ನಿರ್ದೇಶಕಿಯ ಫೋನ್ ಬಂತು. ರಾಯರು ಹೆಂಡತಿಗೂ ಕೇಳಲೆಂದು ಸ್ಪೀಕರ್ ಹಾಕಿದರು.

“ಸರ್, ಎಲ್ಲರೂ ಬಿದ್ದು ಬಿದ್ದು ನಕ್ವಿ! ಇಂಥ ಗಂಟಲನ್ನೇ ಹುಡುಕ್ತಾ ಇದ್ವಿ!”

ರಾಯರು ಎದೆಯುಬ್ಬಿಸಿ ಹೆಂಡತಿಯ ಕಡೆ ನೋಡಿದರು.

“ಆ ಅಮ್ಮ ಯಾರು ಸರ್? ತೋಳದ ಹೆಂಡತಿ ಪಾತ್ರಕ್ಕೆ ಅವರೇ ಬೇಕು!”

“ಮತ್ತೆ... ನನ್ನ ಕೂಗು?”

“ಅದಾ ಸರ್? ಮೊದಲನೇದು ಪರವಾಗಿಲ್ಲ. ಆಮೇಲಿನವು ಯಾಕೋ ಕೃತಕ ಅನ್ನಿಸ್ತು. ನಿಜವಾಗಿ ಕಷ್ಟದಲ್ಲಿರೋರು ಹಾಗೆ ಕೂಗಲ್ಲ ಅಲ್ವಾ ಸರ್?”

ರಾಯರು ಸ್ಪೀಕರ್ ಆರಿಸಿದರು. ಇಷ್ಟು ವರ್ಷದಲ್ಲಿ ಅಭಿನಯವಿಲ್ಲದೆ ಕೂಗಿದ್ದು ಅದೊಂದೇ ಸಲ!

ಈಗ ವಾರವಾರ ಹೆಂಡತಿಯನ್ನು ಕರೆದೊಯ್ಯಲು ಸ್ಟುಡಿಯೋದಿಂದ ಕಾರು ಬರುತ್ತದೆ. ಮೊದಲ ದಿನ ಗಾಜಿನ ಕೋಣೆಯಲ್ಲಿ ಮೈಕಿನ ಮುಂದೆ ನಿಂತ ಅವಳು ಬರೆದುಕೊಟ್ಟದ್ದನ್ನು ಓದಿದಳು, ಅಷ್ಟೇ. ಎಷ್ಟು ಹೇಳಿಕೊಟ್ಟರೂ ಬೈಗುಳ ಸಪ್ಪೆ. ಕೊನೆಗೆ ಅವಳೇ ಹೇಳಿದಳು: “ಖಾಲಿ ಗೋಡೆಗೆ ಬೈದು ಅಭ್ಯಾಸ ಇಲ್ಲಮ್ಮ. ನಮ್ಮ ಯಜಮಾನರನ್ನ ಎದುರಿಗೆ ನಿಲ್ಲಿಸಿ, ಆಮೇಲೆ ನೋಡಿ.”

ನಿಲ್ಲಿಸಿದರು. ಬೈಗುಳ ಪ್ರವಾಹವಾಗಿ ಹರಿಯಿತು! ಅಂದಿನಿಂದ ರಾಯರಿಗೂ ಅಲ್ಲಿ ಕಾಯಂ ಕೆಲಸ. ಬನಿಯನ್ ಹಾಕಿಕೊಂಡೇ ಬಂದರೆ ಇನ್ನೂ ಒಳ್ಳೆಯದಂತೆ. ಅವಳು ಬಾಯಿ ತೆರೆಯುವ ಮುನ್ನ ನಿರ್ದೇಶಕಿ ಪ್ರತಿಸಲವೂ ಗಾಜಿನಾಚೆಯಿಂದ ಅದೇ ವಿನಯದಿಂದ ಕೇಳಿಕೊಳ್ಳುತ್ತಾಳೆ:

“ಸರ್, ದಯವಿಟ್ಟು ನೀವು ಮಾತ್ರ ಉಸಿರೆತ್ತಬೇಡಿ. ರೆಕಾರ್ಡ್ ಆಗಿಬಿಡುತ್ತೆ!”