ಹತ್ತು ಜನ ಬಾರದ ಸಿನಿಮಾ

ನಾನು ಕೊಳ್ಳೇಗಾಲದಲ್ಲಿ ಬ್ಲೌಸ್ ಹೊಲಿಯೋಳು. ನನ್ನ ಪಾಡಿಗೆ ನಾನು ಮಿಷಿನ್ ಮುಂದೆ ತಲೆ ಬಗ್ಗಿಸಿ ಕೂತಿದ್ದರೂ ನಗೆಪಾಟಲು ಮಾತ್ರ ನನ್ನ ಅಂಗಡಿ ಹುಡುಕಿಕೊಂಡು ಬಂದುಬಿಡುತ್ತೆ. ಅದಕ್ಕೆ ನನ್ನ ವಿಳಾಸ ಯಾರು ಕೊಟ್ಟರೋ ಕಾಣೆ! ಈಚೆಗಂತೂ ಒಂದೇ ವಾರದಲ್ಲಿ ನಾಲ್ಕು ಸಲ ಬಂತು. ನಾಲ್ಕಕ್ಕೂ ಕಾರಣ ಒಂದು ಸಿನಿಮಾ. ಯಾರೂ ನೋಡದ ಸಿನಿಮಾ.

೧. ಗಾಳಿಗೆ ಅಂತ ಹೋದದ್ದು

ಸೋಮವಾರ ಮಧ್ಯಾಹ್ನ ಕರೆಂಟ್ ಹೋಯ್ತು. ಸಂಜೆವರೆಗೂ ಬರಲ್ಲ ಅಂದರು. ಮಿಷಿನ್‌ಗೆ ಮೋಟಾರ್ ಹಾಕಿಸಿಕೊಂಡ ತಪ್ಪಿಗೆ ಕೈ ಕಟ್ಟಿ ಕೂರಬೇಕು, ಮೇಲೆ ಸೆಕೆ ಬೇರೆ. ಹತ್ತಿರದ ಟಾಕೀಸಿನಲ್ಲಿ ಜನರೇಟರ್ ಇತ್ತು, ಫ್ಯಾನ್ ಇತ್ತು. ಸಿನಿಮಾ ಯಾವುದಾದರೇನು, ಗಾಳಿ ಸಿಕ್ಕಿದರೆ ಸಾಕು ಅಂತ ಟಿಕೆಟ್ ತಗೊಂಡೆ.

ಗೇಟಿನವನು ಕೈ ಮುಗಿಯೋದೊಂದು ಬಾಕಿ. "ಅಕ್ಕಾ, ನೀವೇ ಹತ್ತನೇವ್ರು. ಹತ್ತು ಟಿಕೆಟ್ ಓಗ್ದಿದ್ರೆ ನಾವು ಷೋನೇ ಬುಡಲ್ಲ" ಅಂದ.

ಸಿನಿಮಾದಲ್ಲಿ ಹಾಡಿಲ್ಲ, ಫೈಟಿಲ್ಲ. ಒಬ್ಬಳು ಅಂಗನವಾಡಿ ಟೀಚರ್, ದಿನಾ ಸೈಕಲ್‌ನಲ್ಲಿ ಹೋಗ್ತಾಳೆ. ಗಂಡ ಬಾಯೇ ಬಿಡಲ್ಲ. ಇವನಿಗೆ ನಾನಂದ್ರೆ ಅಷ್ಟಕ್ಕಷ್ಟೇ ಅಂತ ಅವಳ ಕೊರಗು. ಕೊನೆಗೆ ಅವನು ಜ್ವರ ಬಂದು ಮಲಗಿದ ದಿನ ಸೈಕಲ್ ಹತ್ತಿದರೆ ಎರಡೂ ಚಕ್ರ ಪುಸ್! ದಿನಾ ಬೆಳಗಿನ ಜಾವ ಅವಳು ಏಳೋ ಮುಂಚೆ ಅವನೇ ಗಾಳಿ ತುಂಬುತ್ತಿದ್ದ ಅಂತ ಅವಳಿಗೆ ಅವತ್ತು ತಿಳಿಯುತ್ತೆ. ಅಷ್ಟೇ ಕಥೆ.

ನನಗೆ ಎದೆ ಒಡೆದು ಹೋಯ್ತು. ಯಾಕೆ ಅಂತೀರಾ? ನಮ್ಮೆಜಮಾನರು ಗೂಡ್ಸ್ ಆಟೋ ಓಡಿಸ್ತಾರೆ. ಮದುವೆಯಾಗಿ ಹದಿನಾರು ವರ್ಷ, ನನ್ನ ಹತ್ತಿರ ಆಡಿರೋದು ಮೂರೇ ಮಾತು: "ಉಂಡ್ಯಾ", "ಹೂಂ", "ಬತ್ತೀನಿ". ಹಿರಿಯರು ತಂದು ಗಂಟು ಹಾಕಿದರು, ಇವರು ಹೊತ್ತುಕೊಂಡು ತಿರುಗ್ತಾವ್ರೆ, ಪ್ರೀತಿಗೀತಿ ಏನಿಲ್ಲ ಅಂತ ನಾನು ಯಾವತ್ತೋ ತೀರ್ಮಾನ ಮಾಡಿಬಿಟ್ಟಿದ್ದೆ. ಈಗ ಈ ಸಿನಿಮಾ ಬಂದು ಎದೆಯೊಳಗೆ ಹುಳ ಬಿಟ್ಟಿತು. ಇವರಿಗೂ ನಾನಂದ್ರೆ ಇಷ್ಟ ಇರಬಹುದಾ? ತಿಳಿದುಕೊಳ್ಳಲೇಬೇಕು! ಇವರನ್ನ ಕರಕೊಂಡು ಬಂದು ಇದೇ ಸಿನಿಮಾ ತೋರಿಸಿ ಬಾಯಿ ಬಿಡಿಸಲೇಬೇಕು. ಶುಕ್ರವಾರಕ್ಕೆ ಟಾಕೀಸಿನಿಂದ ಈ ಸಿನಿಮಾ ಎತ್ತಿಬಿಡ್ತಾರೆ, ಇರೋದು ಮೂರೇ ದಿನ.

ಬಿಕ್ಕಿಬಿಕ್ಕಿ ಅಳುತ್ತಾ ಹೊರಗೆ ಬಂದೆ. ಗೇಟಿನವನು ಗಾಬರಿಯಾಗಿ ಓಡಿ ಬಂದ.

"ಅಕ್ಕಾ, ಮಾಂಗಲ್ಯದ ಸರ ಬಿದ್ದೋಯ್ತಾ? ಯಾವ ಸೀಟು ಯೋಳಿ, ಟಾರ್ಚ್ ತತ್ತೀನಿ!"

೨. ಯಳಂದೂರಿನ ಮದುವಣಿಗ

ನನ್ನ ಬಾಯಲ್ಲಿ ಮಾತು ನಿಲ್ಲಲ್ಲ. ಮಂಗಳವಾರ ಅಂಗಡಿಗೆ ಬಂದವರಿಗೆಲ್ಲ ಅಳತೆ ತಗೊಳ್ಳುತ್ತಾ ಇದೇ ಕಥೆ ಹೇಳಿದೆ. ಮದುವೆ ಬ್ಲೌಸ್‌ಗೆ ಅಂತ ಬಂದಿದ್ದ ಧನಗೆರೆಯ ಹುಡುಗಿ ಕೈ ಎತ್ತಿಕೊಂಡೇ ಅತ್ತುಬಿಟ್ಟಳು. "ಪ್ರೀತಿ ಅಂದ್ರೆ ಇದೇ ಕಣವ್ವಾ, ನಿನ್ನ ಹುಡುಗ ಗಾಳಿ ತುಂಬ್ತಾನಾ ಕೇಳು" ಅಂತ ನಾನೂ ಸುಮ್ಮನಿರದೆ ಹಚ್ಚಿಕೊಟ್ಟೆ.

ಅವಳು ಅವತ್ತೇ ಫೋನ್ ಮಾಡಿ ಕೇಳಿದ್ದಾಳೆ. ಹುಡುಗ ಯಳಂದೂರಿನವನು, ಪಾಪ, ಮೈಯೆಲ್ಲಾ ಉತ್ಸಾಹ. ಬುಧವಾರ ಬೆಳ್ಳಂಬೆಳಗ್ಗೆ ಪಂಪ್ ಕಂಕುಳಲ್ಲಿಟ್ಟುಕೊಂಡು ಮೊದಲ ಬಸ್ಸಿಗೆ ಹೊರಟು ಧನಗೆರೆ ಸೇರಿದ. ಅವಳದೋ ಸ್ಕೂಟಿ. ಮಾವನ ಮನೆಯವರೆಲ್ಲ ಜಗುಲಿ ಮೇಲೆ ನಿಂತು ನೋಡ್ತಾವ್ರೆ ಅಂತ ನಿಲ್ಲಿಸದೆ ಗಾಳಿ ಹೊಡೆದ, ಹೊಡೆದ, ಹೊಡೆದ. ಢಂ!

ಹತ್ತು ಗಂಟೆಗೆ ಆ ಹುಡುಗಿ ನನ್ನ ಅಂಗಡಿಗೆ ನಡೆದುಕೊಂಡೇ ಬಂದಳು. ಮುಖ ಮಾತ್ರ ಅರಳಿತ್ತು.

"ಅಕ್ಕಾ, ನಮ್ಮವ್ರಿಗೆ ಪ್ರೀತಿ ಜಾಸ್ತಿನೇ ಅದ ಕಣಕ್ಕ. ಟೈರ್ ತಡೀಲಿಲ್ಲ."

೩. ಹತ್ತನೆಯವನು

ಬುಧವಾರ ಮಧ್ಯಾಹ್ನ ನಮ್ಮೆಜಮಾನರನ್ನ ಟಾಕೀಸಿಗೆ ಎಳೆದುಕೊಂಡು ಹೋದೆ. ಲೆಕ್ಕ ಹಾಕಿದರೆ ನಾವಿಬ್ಬರೂ ಸೇರಿ ಒಂಬತ್ತು ಜನ! "ಇನ್ನೊಂದು ತಲೆ ತನ್ನಿ ಅಕ್ಕಾ, ಬುಟ್ಟುಬುಡ್ತೀನಿ" ಅಂದ ಗೇಟಿನವನು.

ನಾನು ಸೆರಗು ಸಿಕ್ಕಿಸಿಕೊಂಡು ರಸ್ತೆಗಿಳಿದೆ. ಮರದ ಕೆಳಗೆ ಲೊಕ್ಕನಹಳ್ಳಿ ಬಸ್ಸಿಗೆ ಕಾಯುತ್ತಾ ಒಬ್ಬ ಅಜ್ಜ ಕೂತಿತ್ತು.

"ತಾತ, ಟಿಕೆಟ್ ನಾನು ತಕ್ಕೊಡ್ತೀನಿ, ಒಂದು ಸಿನಿಮಾ ನೋಡ್ತೀಯಾ?"

"ಫೈಟ್ ಅದಾ?"

"ಇಲ್ಲ."

"ಡ್ಯಾನ್ಸು?"

"ಇಲ್ಲ ತಾತ. ಗಂಡ ಹೆಂಡ್ತಿ ಕಥೆ. ಗಂಡ ಮಾತೇ ಆಡಲ್ಲ. ಬಾಳ ಚೆನ್ನಾಗದೆ!"

ಅಜ್ಜ ನನ್ನನ್ನ ಅಡಿಯಿಂದ ಮುಡಿವರೆಗೆ ನೋಡಿತು. "ಲೇ ಮಗ, ಗಂಡ ಹೆಂಡ್ತಿ ಮಾತಾಡ್ದೆ ಇರಾದ ನೋಡಕೆ ಟಾಕೀಸ್ಗೆ ಓಗ್ಬೇಕಾ? ನಮ್ಮನೇಲಿ ನಲವತ್ತು ವರ್ಷದಿಂದ ಅದೇ ಓಡ್ತಾ ಕೂತದ!"

ಬಸ್ಸು ಬಂತು, ಅಜ್ಜ ಹತ್ತಿ ಹೋಯ್ತು. ಷೋ ಕ್ಯಾನ್ಸಲ್. ನಮ್ಮೆಜಮಾನರು "ಬತ್ತೀನಿ" ಅಂತ ಆಟೋ ಹತ್ತಿದರು.

೪. ಕೊನೆಯ ದಿನ

ಗುರುವಾರ ಬೆಳಗ್ಗೆ ಅಂಗಡಿ ಬಾಗಿಲಿಗೆ ರಟ್ಟು ಕಟ್ಟಿದೆ: "ಇಂದು ಸಿನಿಮಾಕ್ಕೆ ಬರುವವರಿಗೆ ಸೀರೆ ಫಾಲ್ ಉಚಿತ." ಅಷ್ಟೇ ನೋಡಿ! ಮಧುವನಹಳ್ಳಿ ಕಡೆಯಿಂದಲೂ ಹೆಂಗಸರು ಕಂಕುಳಲ್ಲಿ ಸೀರೆ ಇಟ್ಟುಕೊಂಡು ಬಂದರು. ಇಪ್ಪತ್ತೆಂಟು ಟಿಕೆಟ್! ಪಿಕ್ಚರ್ ಕ್ಲಿಕ್ ಆಗೋಯ್ತು ಅಂತ ಗೇಟಿನವನು ಕುಣಿದುಬಿಟ್ಟ.

ನಮ್ಮೆಜಮಾನರನ್ನೂ ಮತ್ತೆ ಎಳೆದುಕೊಂಡು ಬಂದು ಪಕ್ಕದಲ್ಲಿ ಕೂರಿಸಿಕೊಂಡೆ. ಸಿನಿಮಾ ಶುರುವಾಯ್ತು. ನಾನು ತೆರೆ ನೋಡಲೇ ಇಲ್ಲ, ಗಂಡನ ಮುಖವನ್ನೇ ನೋಡ್ತಾ ಕೂತೆ. ನಿದ್ದೆ ಹೋಗ್ತಾರೇನೋ ಅಂದುಕೊಂಡಿದ್ದೆ. ಇಲ್ಲ, ಕಣ್ಣು ಮಿಟುಕಿಸಲಿಲ್ಲ. ಚಕ್ರ ಪುಸ್ ಅಂದ ಜಾಗ ಬಂತು. ಹೆಂಗಸರೆಲ್ಲ ಹೊಸ ಸೀರೆಯಲ್ಲೇ ಕಣ್ಣೊರೆಸಿಕೊಂಡರು. ಇವರು ದಡಕ್ಕನೆ ಎದ್ದು ಹೊರಗೆ ಹೋದರು. ನಾನೂ ಹಿಂದೆಯೇ ಓಡಿದೆ.

"ರೀ, ಏನನ್ನಿಸ್ತು? ಬಾಯ್ಬಿಟ್ಟು ಹೇಳ್ರೀ!"

ಮುಖ ಕೆಂಪಗಾಗಿತ್ತು. "ಇವ್ನೇನು ಮಾಡ್ಬುಟ್ಟ ಅಂತ ಇವ್ನ ಮ್ಯಾಲೆ ಸಿನಿಮಾ ತೆಗ್ದವ್ರೆ? ಒಂದು ಸೈಕಲ್ಲು, ಎರಡು ಚಕ್ರ! ನಾನು ವಾರವಾರ ಏಳು ಕತ್ತರಿ ಒತ್ಕೊಂಡು ಹನೂರ್ಗೆ ಓಗಿ ಸಾಣೆ ಇಡಿಸ್ಕ ಬತ್ತಾವ್ನಿ, ನನ್ ಮ್ಯಾಲೆ ಯಾವನು ತೆಗ್ದ?"

"ಯಾವ ಕತ್ತರಿ?" ಅಂದೆ. ಅನ್ನುತ್ತಿದ್ದಂತೆ ಗೊತ್ತಾಯ್ತು. ಅಯ್ಯೋ ನನ್ನ ಶಿವನೇ!

ನನ್ನ ಕತ್ತರಿ ನಮ್ಮವ್ವನದು. ಅವ್ವ ತೀರಿಕೊಂಡ ಮೇಲೆ ಪ್ರತಿ ಶನಿವಾರ ಸಂಜೆ ಅದಕ್ಕೆ ಕುಂಕುಮ ಇಟ್ಟು ದೇವರ ಗೂಡಿನಲ್ಲಿ ಇಟ್ಟು ಬಾಗಿಲು ಹಾಕ್ತೀನಿ, ಸೋಮವಾರ ಬೆಳಗ್ಗೆವರೆಗೂ ತೆಗೆಯಲ್ಲ. ಯಾವತ್ತೂ ಮೊಂಡಾದದ್ದಿಲ್ಲ. ನಮ್ಮವ್ವನ ಮಹಿಮೆ ಅಂತ ಊರಿಗೆಲ್ಲ ಸಾರಿದ್ದೆ. ಅದನ್ನು ನಂಬಿ ಇನ್ನೂ ಆರು ಜನ ಟೈಲರಮ್ಮಂದಿರು ಶನಿವಾರ ತಮ್ಮ ಕತ್ತರಿಗಳನ್ನ ತಂದು, ಅವಕ್ಕೂ ಕುಂಕುಮ ಇಟ್ಟು ಅದರ ಪಕ್ಕದಲ್ಲಿ ಇಡೋರು. ಸೋಮವಾರ ಅವೂ ಹರಿತ! ಅವರು ನಮ್ಮವ್ವನ ಫೋಟೋಗೆ ತೆಂಗಿನಕಾಯಿ ಒಡೆದು ಹೋಗೋರು. ಭಾನುವಾರ ಹನೂರಿಗೆ ಬಾಡಿಗೆ ಹೋಗ್ತಾ ಇವರು ಎಲ್ಲವನ್ನೂ ಚೀಲಕ್ಕೆ ತುಂಬಿಕೊಂಡು ಹೋಗ್ತಿದ್ದರಂತೆ!

"ಅಲ್ರೀ, ನನ್ನದೊಂದು ಸರಿ. ಅವರದನ್ನೆಲ್ಲ ಯಾಕೆ ಹೊತ್ಕೊಂಡು ಹೋಗ್ತಿದ್ರಿ?"

"ಯಾವುದು ನಿಂದು ಅಂತ ನಂಗೇನ್ ಗೊತ್ತು?"

"ನನಗೆ ಒಂದು ಮಾತು ಹೇಳಬಾರದಾಗಿತ್ತಾ?"

"ನೀನು ಅದುಕ್ಕೆ ಕೈ ಮುಗ್ದು, ನಮ್ಮವ್ವ ಇನ್ನೂ ನನ್ ಜೊತೇಲೇ ಅವ್ಳೆ ಅಂತಿದ್ದೆ. ಅದ್ನ ಎಂಗಮ್ಮಿ ಕೆಡ್ಸ್ಲಿ?"

ನಾನು ಟಾಕೀಸಿನ ಮೆಟ್ಟಿಲ ಮೇಲೆ ಕೂತು ಗೋಳೋ ಅಂತ ಅತ್ತೆ. ಖುಷಿ ರೀ, ಖುಷಿ! ಅಳುತ್ತಲೇ ಜೋರು ಮಾಡಿದೆ: "ಹದಿನಾರು ವರ್ಷ ನನ್ನ ಹೊಟ್ಟೆ ಉರಿಸಿದ್ದು ಸಾಕು. ಇಷ್ಟು ಜನರ ಮುಂದೆ ಇವತ್ತು ಹೇಳಲೇಬೇಕು. ನಾನಂದ್ರೆ ನಿಮಗೆ ಇಷ್ಟಾನೋ, ಇಲ್ವೋ?"

ಒಳಗಿಂದ ಬಂದ ಹೆಂಗಸರೆಲ್ಲ ಸುತ್ತ ನಿಂತುಬಿಟ್ಟರು. ಗೇಟಿನವನೂ ಬಂದ. ನಮ್ಮೆಜಮಾನರು ಟವೆಲ್ ಒದರಿ ಹೆಗಲಿಗೆ ಹಾಕಿಕೊಂಡು ಅಂದರು:

"ಇಷ್ಟ ಇಲ್ದಿದ್ರೆ, ನಿನ್ನಂತೋಳ ಕೈಗೆ ಯಾವ ಗಂಡನಾದ್ರೂ ಕತ್ತರಿಗೆ ಸಾಣೆ ಇಡಿಸಿ ಕೊಟ್ಟಾನಾ?"